ಗುಂಡಿ ಬೇಡ, ಕತ್ತರಿ ಲಿಫ್ಟ್ ಇರಲಿ: ಮನೆಯ ಗ್ಯಾರೇಜಿಗೆ ಕೊಂಡ ಯಂತ್ರದ ವಿಮರ್ಶೆ

ಮೂರು ಟನ್ ಭಾರ ಹೊತ್ತು ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಏರುವ ಕತ್ತರಿ ಲಿಫ್ಟ್ ಒಂದನ್ನು, ಅಂದರೆ ಕತ್ತರಿಯಂತೆ ಮಡಚಿ ತೆರೆಯುವ ಕಾಲುಗಳಿಂದ ಕಾರನ್ನು ಎತ್ತುವ ಯಂತ್ರವನ್ನು, ಹಾಸನದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂರಿಸಿ ವರ್ಷ ದಾಟಿತು. ಎರಡು ಮಳೆಗಾಲ ಕಂಡ ಮೇಲೆ ಬರೆಯಬೇಕೆಂದು ಕಾದಿದ್ದೆ. ಈ ಬಗೆಯ ಲಿಫ್ಟುಗಳನ್ನು ಹಲವು ತಯಾರಕರು ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಮಾಡುತ್ತಾರೆ. ಹಾಗಾಗಿ ಕಂಪನಿಯ ಹೆಸರಿಗಿಂತ ಯಂತ್ರದ ಗುಣಾವಗುಣ ತಿಳಿಸುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಾರಿದವರ ಸೇವೆ ಸಾಧಾರಣ, ಜೊತೆಗೆ ಬಂದ ಕೈಪಿಡಿ ಕಳಪೆ. ಗ್ಯಾರೇಜಿನ ನೆಲ, ಎತ್ತರ, ವಿದ್ಯುತ್ತು ಈ ಮೂರನ್ನೂ ಮೊದಲೇ ಯೋಚಿಸದೆ ಇದನ್ನು ತಂದರೆ ಒಳ್ಳೆಯ ಯಂತ್ರವೂ ಅಪಾಯಕಾರಿ ಆಗುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಲಿಫ್ಟಿಗೆ ಎಷ್ಟು ಜಾಗವೋ ಅದು ನಿಂತಿರುವ ಕೋಣೆಗೂ ಅಷ್ಟೇ ಜಾಗ.

ನಾನು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಚಾರ್ಜ್‌ಮನ್ ಆಗಿ ನಿವೃತ್ತನಾದವನು. ಮನೆಯಲ್ಲಿ ಎರಡು ಕಾರುಗಳಿವೆ. ಒಂದು ನನ್ನ ಅಂಬಾಸಿಡರ್, 1.8 ಲೀಟರಿನ ಇಸುಝು ಪೆಟ್ರೋಲ್ ಎಂಜಿನ್ನಿನದು. ಇನ್ನೊಂದು ಮಗಳು ಓಡಿಸುವ ಮಾರುತಿ 800. ಎರಡೂ ಕಾರುಗಳ ತಯಾರಿಕೆ 2014ರಲ್ಲೇ ನಿಂತುಹೋಯಿತು, ಅಂಬಾಸಿಡರ್ ಉತ್ತರಪಾರಾದಲ್ಲಿ, ಮಾರುತಿ 800 ಗುರುಗ್ರಾಮದಲ್ಲಿ. ಇವಕ್ಕೆ ಕೈ ಹಾಕುವ ಹುಡುಗರು ಈಗ ಊರಿನಲ್ಲಿ ಕಡಿಮೆ. ಲ್ಯಾಪ್‌ಟಾಪ್ ಜೋಡಿಸಿ ದೋಷ ಹುಡುಕಲು ಕಲಿತವರಿಗೆ ಗ್ರೀಸ್ ನಿಪ್ಪಲ್ (ಗ್ರೀಸು ತುಂಬುವ ಸಣ್ಣ ಮೂತಿ) ಎಲ್ಲಿದೆ ಎಂದು ತೋರಿಸಿಕೊಡಬೇಕಾಗುತ್ತದೆ. ಹಾಗಾಗಿ ಮನೆಯಲ್ಲೇ ಕೆಲಸ ಮಾಡಿಕೊಳ್ಳುವುದು ನನಗೆ ಅಗತ್ಯವೂ ಹೌದು, ಇಷ್ಟವೂ ಹೌದು.

ಗ್ಯಾರೇಜ್ ಕಟ್ಟುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಪಿಟ್‌ನ ಬಗ್ಗೆ, ಅಂದರೆ ಕಾರಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿಯ ಬಗ್ಗೆ: “ಪಿಟ್ ತೋಡಿಸುವುದಿಲ್ಲವೇ? ಜೀವಮಾನವೆಲ್ಲ ಪಿಟ್‌ನಲ್ಲೇ ದುಡಿದವರು ನೀವು.” ದುಡಿದವನಾದ್ದರಿಂದಲೇ ಬೇಡವೆಂದೆ. ಡಿಪೋದ ಪಿಟ್‌ನ ಮೇಲೆ ನಿಲ್ಲುವುದು ಡೀಸೆಲ್ ಬಸ್ಸು. ಡೀಸೆಲ್ ಚೆಲ್ಲಿದರೂ ಮಾಮೂಲಿ ಹವೆಯಲ್ಲಿ ಸುಲಭವಾಗಿ ಆವಿಯಾಗಿ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಹಾಗಲ್ಲ. ಅದರ ಆವಿ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಒಂದು ಕಿಡಿಗೆ ಕಾದಿರುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲಕ್ಕೆ ಹೋಗದೆ ತಗ್ಗನ್ನು ಹುಡುಕಿಕೊಂಡು ಇಳಿಯುತ್ತದೆ. ಕಾರಿನ ಕೆಳಗೆ ಐದು ಅಡಿ ಗುಂಡಿ ಇದ್ದರೆ ಅದಕ್ಕೆ ತಂಗಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಇಂಧನದ ಪೈಪು ಬಿಚ್ಚುವಾಗ ತೊಟ್ಟಿಕ್ಕಿದ ಒಂದಿಷ್ಟು ಪೆಟ್ರೋಲು, ಜೊತೆಗೆ ಕೈದೀಪದ ಬಲ್ಬು ಒಡೆದ ಒಂದು ಕ್ಷಣ, ಅಷ್ಟು ಸಾಕು. ಆಗ ಒಳಗಿರುವವನಿಗೆ ಹೊರಬರಲು ಇರುವುದು ಒಂದೇ ಕಿರಿದಾದ ಮೆಟ್ಟಿಲು, ತಲೆಯ ಮೇಲೆ ಒಂದು ಟನ್ ತೂಕದ ಕಾರು.

ಡಿಪೋದ ಪಿಟ್‌ಗೆ ಎರಡೂ ತುದಿ ತೆರೆದಿರುತ್ತದೆ, ಉದ್ದ ಬೇಕಾದಷ್ಟಿರುತ್ತದೆ, ಅಕ್ಕಪಕ್ಕದಲ್ಲಿ ಸದಾ ಜನ ಇರುತ್ತಾರೆ. ಮನೆಯಲ್ಲಿ ಇವು ಯಾವುವೂ ಇಲ್ಲ. ಮಧ್ಯಾಹ್ನ ಒಬ್ಬನೇ ಕೆಲಸ ಮಾಡುತ್ತಿರುತ್ತೇನೆ. ಮೊಮ್ಮಕ್ಕಳು ರಜೆಗೆ ಬಂದರೆ ಗ್ಯಾರೇಜಿನಲ್ಲೇ ಸೈಕಲ್ ತಿರುಗಿಸುತ್ತಾರೆ. ಮುಚ್ಚಿದ ಹಲಗೆ ಒಂದು ದಿನ ಸರಿದಿದ್ದರೆ ಗತಿ ಏನು? ಇನ್ನು ಆಷಾಢದಲ್ಲಿ ನಮ್ಮ ಕಡೆ ಹಿಡಿಯುವ ಜಡಿಮಳೆಗೆ ನೆಲದ ತೇವ ಎಲ್ಲಿ ಒಸರುತ್ತದೆ ಎಂದು ಹೇಳಲಾಗದು. ಗುಂಡಿಗೆ ನೀರು ಬಂದರೆ ಅದನ್ನು ಎತ್ತಲು ಪಂಪು, ಪಂಪಿಗೆ ತಂತಿ, ಆ ತಂತಿ ಮತ್ತೆ ಪೆಟ್ರೋಲ್ ಆವಿ ತಂಗುವ ಜಾಗದಲ್ಲಿ. ಮನೆಗೆ ಪಿಟ್ ಬೇಡ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಅಗ್ಗ ಎಂಬ ಕಾರಣಕ್ಕೆ ತೋಡಿಸಲು ಹೊರಟವರು ಯಾರಾದರೂ ಇದನ್ನು ಓದಿ ಕೈಬಿಟ್ಟರೆ ನಾನು ಬರೆದದ್ದು ಸಾರ್ಥಕ.

ಹಾಗಾದರೆ ಉಳಿದ ದಾರಿ ಯಾವುದು? ಎರಡು ಕಂಬದ ಲಿಫ್ಟ್ ಎಲ್ಲಕ್ಕಿಂತ ಅನುಕೂಲ, ನಿಂತುಕೊಂಡೇ ಕೆಲಸ ಮಾಡಬಹುದು. ಆದರೆ ಅದಕ್ಕೆ ಹನ್ನೆರಡು ಅಡಿಗೆ ಕಡಿಮೆಯಿಲ್ಲದ ಎತ್ತರ ಬೇಕು, ಕಂಬದ ಬುಡಕ್ಕೆ ದಪ್ಪನೆಯ ಕಾಂಕ್ರೀಟು ಬೇಕು. ಕೆಲಸವಿಲ್ಲದ ದಿನವೂ ಆ ಕಂಬಗಳು ಅಲ್ಲೇ ನಿಂತು ಜಾಗ ತಿನ್ನುತ್ತವೆ. ಕಾರು ನಿಲ್ಲಿಸುವುದೂ ಕೆಲಸ ಮಾಡುವುದೂ ಒಂದೇ ಕೋಣೆಯಲ್ಲಿ ಆಗಬೇಕಾದ ಮನೆಗೆ ಕತ್ತರಿ ಲಿಫ್ಟ್ ಸರಿಹೊಂದುತ್ತದೆ. ಮಡಚಿದಾಗ ಇದರ ಎತ್ತರ ಸುಮಾರು ನಾಲ್ಕು ಇಂಚು. ಕಾರು ಅದರ ಮೇಲೆಯೇ ಬಂದು ನಿಲ್ಲುತ್ತದೆ, ರಾತ್ರಿಯೂ ಅಲ್ಲೇ ಇರುತ್ತದೆ.

ಕೋಣೆಯ ಅಳತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜನ ದಾರಿ ತಪ್ಪುವುದು ಇಲ್ಲೇ. ಕಾರು ನಿಲ್ಲಿಸಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಎಂಬ ಲೆಕ್ಕವನ್ನು ಎಂಜಿನಿಯರುಗಳು ಬಾಯಿಪಾಠ ಮಾಡಿರುತ್ತಾರೆ. ನಿಲ್ಲಿಸಲು ಅದು ಸಾಕು, ಕೆಲಸ ಮಾಡಲು ಸಾಲದು. ಅಂಬಾಸಿಡರ್‌ನ ಅಗಲ 1662 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಬಾಗಿಲು ಪೂರ್ತಿ ತೆರೆದು, ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಉದ್ದನೆಯ ಪಾನಾ ಹಿಡಿದು ಎಳೆಯಬೇಕಾದರೆ ಎರಡೂ ಕಡೆ ಮೂರು ಅಡಿ ಬೇಕೇ ಬೇಕು. ಅಲ್ಲಿಗೆ ಹನ್ನೊಂದೂವರೆ ಆಯಿತು. ಪಕ್ಕದಲ್ಲಿ ಮಾರುತಿ 800 ನಿಲ್ಲಲು ಅದರ 1440 ಮಿಲಿಮೀಟರ್, ಗೋಡೆಯ ಕಡೆಗೆ ಬಾಗಿಲು ತೆರೆಯಲು ಇನ್ನೆರಡು ಅಡಿ. ಒಟ್ಟು ಹತ್ತೊಂಬತ್ತು ಅಡಿ ಅಗಲ ಹಾಕಿಸಿದೆ. ಉದ್ದಕ್ಕೆ ಅಂಬಾಸಿಡರ್‌ನ 4325 ಮಿಲಿಮೀಟರ್, ಮುಂದೆ ಎರಡು ಅಡಿಯ ಕೆಲಸದ ಕಟ್ಟೆ, ಕಟ್ಟೆಗೂ ಬಂಪರಿಗೂ ನಡುವೆ ಆಳು ನಿಲ್ಲಲು ಮೂರು ಅಡಿ, ಹಿಂದೆ ಡಿಕ್ಕಿ ತೆರೆದು ಓಡಾಡಲು ಮೂರು ಅಡಿ. ಒಳಅಳತೆ ಇಪ್ಪತ್ತೆರಡು ಅಡಿ ಆಯಿತು.

ಎತ್ತರದ್ದು ಇನ್ನೊಂದು ಲೆಕ್ಕ. ಅಂಬಾಸಿಡರ್ ಐದೂಕಾಲು ಅಡಿ ಎತ್ತರದ ಕಾರು, ಲಿಫ್ಟ್ ಅದನ್ನು ಮೂರೂಕಾಲು ಅಡಿ ಎತ್ತುತ್ತದೆ. ಎಂಟೂವರೆ ಅಡಿ ಸಾಕಲ್ಲ ಎಂದು ನಮ್ಮ ಮೇಸ್ತ್ರಿ ಕೇಳಿದರು. ಎತ್ತಿದ ಕಾರಿನ ಬಾನೆಟ್ಟನ್ನು ತೆರೆಯುವ ಸಂದರ್ಭ ಬಂದೇ ಬರುತ್ತದೆ, ಆಗ ಇನ್ನೂ ಒಂದೂವರೆ ಅಡಿ ಮೇಲೆ ಹೋಗುತ್ತದೆ. ಅದರ ಮೇಲೆ ದೀಪ, ಫ್ಯಾನು. ಹಾಗಾಗಿ ತಗ್ಗಿನ ಗೋಡೆ ಹತ್ತು ಅಡಿ, ಎತ್ತರದ ಗೋಡೆ ಹನ್ನೆರಡು ಅಡಿ ಕಟ್ಟಿಸಿ, ಇಳಿಜಾರಾಗಿ ಟ್ರಸ್ ಕೂರಿಸಿ ಶೀಟು ಹಾಕಿಸಿದೆ. ಶಟರನ್ನು ಒಂದೇ ದೊಡ್ಡದಾಗಿ ಮಾಡದೆ ನಡುವೆ ಕಂಬ ಕೊಟ್ಟು ಎರಡು ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಎಂಟು ಅಡಿಯ ಶಟರನ್ನು ಮಗಳು ಒಂದೇ ಕೈಯಲ್ಲಿ ಎತ್ತುತ್ತಾಳೆ. ಹದಿನೇಳು ಅಡಿಯದಾಗಿದ್ದರೆ ಅದಕ್ಕೊಂದು ಮೋಟಾರು ಬೇಕಾಗುತ್ತಿತ್ತು.

ಈಗ ನೆಲ. ಲಿಫ್ಟ್ ಕೊಳ್ಳುವವರು ಯಂತ್ರದ ಮೇಲೆ ತೋರಿಸುವ ಆಸಕ್ತಿಯ ಕಾಲುಭಾಗವನ್ನೂ ನೆಲದ ಮೇಲೆ ತೋರಿಸುವುದಿಲ್ಲ. ತಯಾರಕರು ಕೇಳಿದ್ದು ಆರು ಇಂಚು ದಪ್ಪದ, ಎಂ-20ಕ್ಕೆ ಕಡಿಮೆಯಿಲ್ಲದ ಕಾಂಕ್ರೀಟು. ನಾನು ಎಂ-25 ಹಾಕಿಸಿದೆ. ಇಪ್ಪತ್ತೆಂಟು ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳಬೇಕು ಎಂಬುದು ಆ ಸಂಖ್ಯೆಯ ಅರ್ಥ. ಮಣ್ಣನ್ನು ನೀರು ಹಾಕಿ ದಮ್ಮಸ್ಸು ಮಾಡಿಸಿ, ಜಲ್ಲಿ ಹರಡಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಈ ಹಾಳೆಯ ಖರ್ಚು ಇಡೀ ಕೆಲಸದಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಹಾಸನದ ಮಳೆಗಾಲದಲ್ಲಿ ನೆಲ ಬೆವರದೆ ಒಣಗಿ ಇರುವುದಕ್ಕೆ ಅದೇ ಕಾರಣ. ನೆಲ ಬೆವರಿದರೆ ಕಾರಿನ ತಳ ತುಕ್ಕು ಹಿಡಿಯುತ್ತದೆ, ಪಾನಾಗಳು ತುಕ್ಕು ಹಿಡಿಯುತ್ತವೆ.

ಕಾಂಕ್ರೀಟು ಹಾಕಿದ ಮೇಲೆ ನೀರು ಕಟ್ಟುವ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ಈಗ ನಮಗೆ ಸಿಗುವುದು ಬಹುತೇಕ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಇದಕ್ಕೆ ಕನಿಷ್ಠ ಹತ್ತು ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆ. ಏಳು ದಿನಕ್ಕೆ ಕಾಂಕ್ರೀಟು ಸುಮಾರು ಮೂರರಲ್ಲಿ ಎರಡು ಪಾಲು ಬಲ ಪಡೆದಿರುತ್ತದೆ, ನೋಡಲು ಕಲ್ಲಿನಂತೆಯೇ ಇರುತ್ತದೆ. ಲಿಫ್ಟ್ ಕೂರಿಸಲು ಬರುವ ಹುಡುಗರಿಗೆ ಅವಸರ, “ಗಟ್ಟಿಯಾಗಿದೆ ಸರ್, ಬೋಲ್ಟ್ ಹಾಕಿಬಿಡೋಣ” ಎನ್ನುತ್ತಾರೆ. ಇಪ್ಪತ್ತೆಂಟು ದಿನ ಮುಗಿಯುವವರೆಗೆ ಡ್ರಿಲ್ ಮುಟ್ಟಿಸಬಾರದು. ಲಿಫ್ಟನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟು ಹಿಡಿಯುವುದು ಸುತ್ತಲಿನ ಕಾಂಕ್ರೀಟನ್ನು ಒತ್ತಿಕೊಂಡು. ಆ ಕಾಂಕ್ರೀಟು ಎಳೆಯದಾಗಿದ್ದರೆ ಬೋಲ್ಟು ಅಂದು ಬಿಗಿಯಾದಂತೆ ಕಂಡು ಆರು ತಿಂಗಳಿಗೆ ಸಡಿಲವಾಗುತ್ತದೆ.

ಇನ್ನೊಂದು ಸೂಕ್ಷ್ಮ. ತೊಳೆದ ನೀರು ಹರಿದು ಹೋಗಲು ಗ್ಯಾರೇಜಿನ ನೆಲಕ್ಕೆ ನೂರಕ್ಕೆ ಒಂದರಂತೆ ಇಳಿಜಾರು ಕೊಡುತ್ತೇವೆ, ಆದರೆ ಲಿಫ್ಟ್ ನಿಲ್ಲುವ ಜಾಗ ಮಟ್ಟಸವಾಗಿರಬೇಕು. ಎರಡೂ ಒಂದೇ ನೆಲದಲ್ಲಿ ಆಗಬೇಕಾದರೆ ಲಿಫ್ಟಿನ ಭಾಗವನ್ನು ರಸಮಟ್ಟ ಇಟ್ಟು ಮಟ್ಟ ಮಾಡಿ, ಇಳಿಜಾರನ್ನು ಅದರ ಸುತ್ತ ಬಳಸಿಕೊಂಡು ಹೋಗುವಂತೆ ಹಾಕಿಸಬೇಕು. ಬಿರುಕು ಅಡ್ಡಾದಿಡ್ಡಿ ಬಾರದಂತೆ ನೆಲದಲ್ಲಿ ಕೊಯ್ಯುವ ಗೆರೆಗಳೂ ಲಿಫ್ಟಿನ ತಳದ ಕೆಳಗೆ ಹಾಯಬಾರದು. ಇದಕ್ಕೆಲ್ಲ ಯಂತ್ರದ ತಳದ ಅಳತೆಯ ನಕ್ಷೆ ಕಾಂಕ್ರೀಟು ಹಾಕುವ ಮೊದಲೇ ಕೈಯಲ್ಲಿರಬೇಕು. ನನಗೆ ಮಾರಿದವರು ಮುಂಗಡ ಪಡೆದ ಮೇಲೂ ಆ ನಕ್ಷೆ ಕಳಿಸಲು ಸತಾಯಿಸಿದರು. ಕಡೆಗೆ ಬಂದ ನಕ್ಷೆಯಲ್ಲಿ ಬೋಲ್ಟಿನ ತೂತುಗಳ ನಡುವಿನ ಅಂತರವೇ ಇರಲಿಲ್ಲ. ಮತ್ತೆ ಫೋನು ಮಾಡಿ ಬರೆಸಿಕೊಳ್ಳಬೇಕಾಯಿತು. ಸೇವೆ ಸಾಧಾರಣ ಎಂದದ್ದು ಇದಕ್ಕೆ.

ನೆಲದ ಮೇಲ್ಮೈಗೆ ವಿಟ್ರಿಫೈಡ್ ಟೈಲ್ಸ್ ಬೇಡ. ಜಾಕಿನ ಗಾಲಿ ಬಿದ್ದಲ್ಲಿ ಒಡೆಯುತ್ತವೆ, ಎಣ್ಣೆ ಬಿದ್ದರೆ ಜಾರುತ್ತವೆ. ಎಪಾಕ್ಸಿ ಲೇಪನ ನೋಡಲು ಚೆನ್ನ, ಆದರೆ ಕಾಂಕ್ರೀಟು ಪೂರ್ತಿ ಒಣಗಿರದಿದ್ದರೆ ಸಿಪ್ಪೆ ಏಳುತ್ತದೆ. ನಾನು ಹಸಿ ಕಾಂಕ್ರೀಟಿನ ಮೇಲೆಯೇ ಫ್ಲೋರ್ ಹಾರ್ಡನರ್ ಪುಡಿ ಎರಚಿ ಯಂತ್ರದಿಂದ ಉಜ್ಜಿಸಿದೆ. ಚೆಂದ ಸ್ವಲ್ಪ ಕಡಿಮೆ, ಬಾಳಿಕೆ ಜಾಸ್ತಿ.

ಲಿಫ್ಟನ್ನು ನೆಲಕ್ಕೆ ಸಮನಾಗಿ ನಾಲ್ಕು ಇಂಚಿನ ತಗ್ಗಿನಲ್ಲಿ ಕೂರಿಸಬಹುದು, ಅಥವಾ ನೆಲದ ಮೇಲೆಯೇ ಇಟ್ಟು ಎರಡು ಕಡೆ ಇಳಿಜಾರು ತಟ್ಟೆ ಹಾಕಬಹುದು. ತಗ್ಗಿನಲ್ಲಿಟ್ಟರೆ ಕಾಲಿಗೆ ಎಡವುವುದಿಲ್ಲ, ಆದರೆ ನೀರು, ಕಸ, ಆವಿ ಎಲ್ಲವೂ ಅಲ್ಲೇ ಸೇರುತ್ತವೆ. ಪಿಟ್ ಬೇಡ ಎಂದು ಹೇಳಿ ಚಿಕ್ಕ ಪಿಟ್ ಮಾಡಿಕೊಂಡಂತೆ. ಮೇಲೆಯೇ ಇರಿಸಿ ಅಂಚಿಗೆ ಹಳದಿ ಬಣ್ಣ ಬಳಿಸಿದೆ.

ವಿದ್ಯುತ್ತಿನ ವಿಷಯದಲ್ಲಿ ಕೈಪಿಡಿ ಹೇಳುವುದನ್ನು ನಂಬಬೇಡಿ. ಯಂತ್ರದ ಮೋಟಾರು 2.2 ಕಿಲೋವ್ಯಾಟಿನದು, ಸಿಂಗಲ್ ಫೇಸ್. ಮಾಮೂಲಿ 16 ಆಂಪಿಯರಿನ ಪ್ಲಗ್ ಸಾಕು ಎಂದು ಬರೆದಿದ್ದಾರೆ. ಭಾರ ಎತ್ತುವಾಗ ಇದು 14 ಆಂಪಿಯರಿನ ಆಸುಪಾಸು ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಪ್ಲಗ್ಗಿನ ಪಿನ್ನುಗಳು ಸುಟ್ಟು ಕಪ್ಪಾಗಲು ಇಷ್ಟು ಸಾಕು. ಮೀಟರ್ ಬೋರ್ಡಿನಿಂದ ಇದಕ್ಕೆಂದೇ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ವಿದ್ಯುತ್ತು ಮಿತಿ ಮೀರಿದರೆ ತಾನೇ ಕಡಿಯುವ 20 ಆಂಪಿಯರಿನ ಸಿ ವರ್ಗದ ಎಂಸಿಬಿ ಹಾಕಿಸಿ, ಗೋಡೆಯ ಮೇಲೆ ಯಂತ್ರದ ವಿದ್ಯುತ್ತನ್ನು ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ಚು ಕೂರಿಸಿದೆ. ಬಿ ವರ್ಗದ್ದಾದರೆ ಮೋಟಾರು ಶುರುವಾಗುವಾಗಲೇ ಟ್ರಿಪ್ ಆಗುವ ಸಂಭವ ಹೆಚ್ಚು. ಗ್ಯಾರೇಜಿನ ಪ್ಲಗ್ಗುಗಳಿಗೆಲ್ಲ ವಿದ್ಯುತ್ತು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಗ್ರೈಂಡರ್ ಹಿಡಿಯುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ನನಗೆ ಗೊತ್ತು, ಅವರ ಜೀವ ಉಳಿಸುವ ಡಬ್ಬಿ ಅದು. ಸಂಜೆ ವೋಲ್ಟೇಜು ಬಿದ್ದಾಗ ಮೋಟಾರು ಗುಂಯ್ಗುಡುತ್ತದೆ, ಎತ್ತುವುದಿಲ್ಲ. ಆಗ ಸ್ವಿಚ್ಚು ಹಿಡಿದುಕೊಂಡೇ ಇರಬಾರದು, ಮೋಟಾರಿನ ಸುರುಳಿ ಸುಡುತ್ತದೆ. ಕಂಪ್ರೆಸರ್ ಓಡುತ್ತಿರುವಾಗ ಲಿಫ್ಟ್ ಎತ್ತುವುದನ್ನೂ ನಾನು ಬಿಟ್ಟಿದ್ದೇನೆ.

ಯಂತ್ರದ ಪ್ರಾಣ ಇರುವುದು ಅದರ ಲಾಕಿನಲ್ಲಿ. ಎರಡೂ ಕಡೆಯ ಕತ್ತರಿಗಳಿಗೆ ಒಂದೊಂದು ಹಲ್ಲುಪಟ್ಟಿ ಇದೆ. ಪ್ಲಾಟ್‌ಫಾರ್ಮ್ ಏರುತ್ತಿದ್ದಂತೆ ಒಂದು ಕೊಂಡಿ ಆ ಹಲ್ಲುಗಳ ಮೇಲೆ ಟಕ್ ಟಕ್ ಎಂದು ಹಾದುಹೋಗುತ್ತದೆ. ಬೇಕಾದ ಎತ್ತರಕ್ಕೆ ಬಂದ ಮೇಲೆ ಸ್ವಿಚ್ಚು ಬಿಟ್ಟು ಕಾರಿನ ಕೆಳಗೆ ನುಗ್ಗುವವರೇ ಹೆಚ್ಚು. ಆಗ ಕಾರು ಇನ್ನೂ ಎಣ್ಣೆಯ ಒತ್ತಡದ ಮೇಲೆ ನಿಂತಿರುತ್ತದೆ, ಲಾಕಿನ ಮೇಲಲ್ಲ. ಇಳಿಸುವ ಸ್ವಿಚ್ಚನ್ನು ಒಂದು ಕ್ಷಣ ಒತ್ತಿ, ಎರಡೂ ಕೊಂಡಿಗಳು ಹಲ್ಲಿನ ಬುಡಕ್ಕೆ ಕೂರುವಂತೆ ಮಾಡಬೇಕು. ಕೂತಾಗ ಕಡೆಗೊಂದರಂತೆ ಎರಡು ಗಟ್ಟಿ ಸದ್ದು ಬರುತ್ತದೆ. ಒಂದೇ ಸದ್ದು ಬಂದರೆ ಅನುಮಾನಿಸಬೇಕು, ಟಾರ್ಚು ಹಿಡಿದು ಎಡಬಲ ಎರಡನ್ನೂ ಕಣ್ಣಾರೆ ನೋಡಬೇಕು. ಇಳಿಸುವಾಗ ಮೊದಲು ಕೊಂಚ ಎತ್ತಿ, ಕೊಂಡಿ ಬಿಡಿಸುವ ಹಿಡಿಯನ್ನು ಎಳೆದು, ಆಮೇಲೆ ಇಳಿಸಬೇಕು. ಕೈಪಿಡಿಯಲ್ಲಿ ಇದಕ್ಕೆ ಒಂದೂವರೆ ಸಾಲು ಕೊಟ್ಟಿದ್ದಾರೆ, ಬಣ್ಣದ ಗ್ಯಾರಂಟಿಗೆ ಅರ್ಧ ಪುಟ. ಜೀವದ ಪ್ರಶ್ನೆಯನ್ನು ಇಷ್ಟು ಹಗುರವಾಗಿ ಬರೆದವರ ಮೇಲೆ ನನಗೆ ಸಿಟ್ಟಿದೆ.

ಎಣ್ಣೆಯ ಒತ್ತಡವನ್ನು ನಂಬಬಾರದು ಎಂಬುದನ್ನು ನಮ್ಮ ಯಂತ್ರವೇ ತೋರಿಸಿಕೊಟ್ಟಿತು. ಹೊಸದರಲ್ಲಿ ಅಂಬಾಸಿಡರನ್ನು ಎತ್ತಿ, ಕೊಂಡಿ ಎರಡು ಹಲ್ಲುಗಳ ನಡುವೆ ಇರುವಂತೆ ನಿಲ್ಲಿಸಿ, ನೆಲದಿಂದ ಪ್ಲಾಟ್‌ಫಾರ್ಮಿನ ತಳಕ್ಕೆ ಉಕ್ಕಿನ ಟೇಪು ಹಿಡಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಶಟರ್ ಎಳೆದೆ. ಬೆಳಿಗ್ಗೆ ಅಳೆದರೆ ಬಲಗಡೆ ಅರ್ಧ ಇಂಚು ಇಳಿದಿತ್ತು, ಎಡಗಡೆ ಅಷ್ಟಿಲ್ಲ. ಕಾಗದ ಒತ್ತಿ ಒತ್ತಿ ನೋಡಿದಾಗ ಸಿಲಿಂಡರಿಗೆ ಪೈಪು ಸೇರುವ ಜಾಗದಲ್ಲಿ ಸಣ್ಣ ಜಿಡ್ಡು. ಕಂಪನಿಯ ತಂತ್ರಜ್ಞ ಬರಲು ತಡವಾಯಿತು, ಆದರೆ ಬಂದ ಹುಡುಗ ಕೆಲಸಗಾರ. ಎಣ್ಣೆ ಸೋರದಂತೆ ತಡೆಯುವ ಡೌಟಿ ಸೀಲ್ ಎಂಬ ಬಳೆಯನ್ನು ಬದಲಿಸಿ, ಗಾಳಿ ತೆಗೆದು, ಎರಡೂ ಕಡೆ ಸಮ ಮಾಡಿ, ನಾನು ಟೇಪು ಹಿಡಿದು ಒಪ್ಪುವವರೆಗೂ ಹೊರಡಲಿಲ್ಲ. ಆಮೇಲೆ ಇಂದಿನವರೆಗೆ ಇಳಿದಿಲ್ಲ. ಯಾರು ಕೊಂಡರೂ ಈ ಪರೀಕ್ಷೆಯನ್ನು ಪೂರ್ತಿ ಹಣ ಕೊಡುವ ಮೊದಲೇ ಮಾಡಬೇಕು, ಆ ರಾತ್ರಿ ಯಾರೂ ಹತ್ತಿರ ಸುಳಿಯದಂತೆ ಬೀಗ ಹಾಕಬೇಕು.

ಕೆಲಸದ ಅನುಕೂಲಕ್ಕೆ ಬಂದರೆ ಮಾರುತಿ 800ಕ್ಕೆ ಈ ಲಿಫ್ಟ್ ಹೇಳಿ ಮಾಡಿಸಿದಂತಿದೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸೆಲ್ ಎಲ್ಲ ಮುಂದಿರುವುದರಿಂದ ಪ್ಲಾಟ್‌ಫಾರ್ಮಿನ ಆಚೆ ತೆರೆದುಕೊಂಡು ಸಿಗುತ್ತವೆ. ಗಾಲಿಯ ಸ್ಟೂಲಿನ ಮೇಲೆ ಕುಳಿತು ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ಮಾಡಬಹುದು. ಬೆನ್ನು ನೆಲಕ್ಕೆ ಹಾಕುವ ಮಾತೇ ಇಲ್ಲ, ಈ ವಯಸ್ಸಿನಲ್ಲಿ ಅದು ಎಷ್ಟು ದೊಡ್ಡದು ಎಂದು ಮಂಡಿ ನೋವಿರುವವರಿಗೆ ಹೇಳಬೇಕಿಲ್ಲ. ಒಂದು ಎಚ್ಚರಿಕೆ: ಮುಂದೆ ಭಾರವಿರುವ ಕಾರಿನಿಂದ ಎಂಜಿನ್ ಇಳಿಸಿದರೆ ಉಳಿದ ತೂಕವೆಲ್ಲ ಹಿಂದಕ್ಕೆ ವಾಲುತ್ತದೆ. ಮೊದಲೇ ಹಿಂಭಾಗಕ್ಕೆ ಸ್ಟ್ಯಾಂಡು ಕೊಟ್ಟಿರಬೇಕು.

ಅಂಬಾಸಿಡರ್‌ಗೆ ಇದು ಅರ್ಧ ಮಾತ್ರ ಒಲಿದಿದೆ. ಮುಂದಿನ ಸಸ್ಪೆನ್ಷನ್ನಿನ ಗ್ರೀಸ್ ನಿಪ್ಪಲ್‌ಗಳು ಮುಖಕ್ಕೆ ಎದುರಾಗಿ ನಿಲ್ಲುತ್ತವೆ. ಗ್ರೀಸ್ ಗನ್ ಹಿಡಿದು ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೂ ಒತ್ತುವ ಸುಖವೇ ಬೇರೆ. ಹಿಂದಿನ ಕಮಾನು ಪಟ್ಟಿ, ಡಿಫರೆನ್ಶಿಯಲ್ಲಿನ ಎಣ್ಣೆ, ಬ್ರೇಕ್ ಡ್ರಮ್ಮು, ಇವೂ ಸಲೀಸು. ಆದರೆ ಈ ಕಾರಿನ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಾರಿನ ನಡುವೆ ಹಾದುಹೋಗುತ್ತವೆ, ಲಿಫ್ಟಿನ ತಳದ ಚೌಕಟ್ಟೂ ಸರಿಯಾಗಿ ಅಲ್ಲೇ ಅಡ್ಡ. ಗೇರ್‌ಬಾಕ್ಸ್ ಇಳಿಸಲು ಜಾಕ್ ಸರಿಸಲಾಗುವುದಿಲ್ಲ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಹಳೆಯ ಕಾರುಗಳು, ಜೀಪುಗಳು ಇರುವವರು, ಗೇರ್‌ಬಾಕ್ಸ್ ಕೆಲಸವನ್ನೂ ಮನೆಯಲ್ಲೇ ಮಾಡಬೇಕೆನ್ನುವವರು ಎರಡು ಕಂಬದ ಲಿಫ್ಟಿಗೇ ಹೋಗುವುದು ಒಳ್ಳೆಯದು. ನಾನು ಆ ಒಂದು ಕೆಲಸವನ್ನು ಹೊರಗೆ ಕೊಡುತ್ತೇನೆ.

ಎತ್ತುವ ಮೊದಲು ಲಿಫ್ಟಿಗೂ ಕಾರಿನ ತಳಕ್ಕೂ ನಡುವೆ ಕೊಡುವ ರಬ್ಬರ್ ದಿಮ್ಮಿಯನ್ನು ಎಲ್ಲಿ ಇಡುತ್ತೇವೆ ಎಂಬುದು ಹಳೆಯ ಕಾರಿನಲ್ಲಿ ದೊಡ್ಡ ಪ್ರಶ್ನೆ. ಬಾಗಿಲ ಕೆಳಗಿನ ಅಂಚು ಬಣ್ಣದಿಂದ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಕಣಕಣ ಎನ್ನುತ್ತದೆ, ಪೊಳ್ಳಾದದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಪಕ್ಕದ ಬೀದಿಯವರೊಬ್ಬರ ಕಾರು ಹೀಗೆ ಪುಡಿ ಉದುರಿಸಿತು. ಅದನ್ನು ಲಿಫ್ಟಿಗೆ ಹತ್ತಿಸದೆ ವಾಪಸ್ಸು ಕಳಿಸಿ, ಮೊದಲು ವೆಲ್ಡಿಂಗ್ ಮಾಡಿಸಿಕೊಂಡು ಬನ್ನಿ ಎಂದೆ.

ಗಾಳಿಯ ವ್ಯವಸ್ಥೆಗೆ ನೆಲದ ಮಟ್ಟದಲ್ಲಿ ಎರಡು ಜಾಲರಿ ಕಿಂಡಿ, ಎತ್ತರದ ಗೋಡೆಯ ತುದಿಯಲ್ಲಿ ಎರಡು ವೆಂಟಿಲೇಟರ್ ಇಡಿಸಿದೆ. ಪೆಟ್ರೋಲಿನ ಆವಿ ಕೆಳಗಿನಿಂದ ಹೋಗಬೇಕು. ಬ್ಯಾಟರಿ ಚಾರ್ಜ್ ಮಾಡುವಾಗ ಹೊಮ್ಮುವ ಹೈಡ್ರೋಜನ್ ಹಗುರ, ಅದು ಮೇಲಿನಿಂದ ಹೋಗಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ಬಣ್ಣವಿಲ್ಲ, ವಾಸನೆಯಿಲ್ಲ, ಎಲ್ಲೆಡೆ ಬೆರೆತುಬಿಡುತ್ತದೆ. ಅದಕ್ಕೆ ಯಾವ ಕಿಂಡಿಯೂ ಸಾಲದು. ಶಟರ್ ಪೂರ್ತಿ ಎತ್ತದೆ ಎಂಜಿನ್ ಚಾಲೂ ಮಾಡಕೂಡದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು, ಚಳಿ ಇರಲಿ, ಮಳೆ ಇರಲಿ. ಕೆಳಗಿನ ಕಿಂಡಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿಯನ್ನೇ ಹಾಕಿಸಬೇಕು. ನಮ್ಮ ಕಡೆ ಇಲಿಗಳು ಕಾರಿನ ವೈರು ಕಡಿದು ಮಾಡುವ ನಷ್ಟ ಸಣ್ಣದಲ್ಲ, ಪ್ಲಾಸ್ಟಿಕ್ ಜಾಲರಿಯನ್ನು ಅವು ಲೆಕ್ಕಕ್ಕೇ ಇಡುವುದಿಲ್ಲ.

ದೀಪಗಳನ್ನು ಕಾರಿನ ನೆತ್ತಿಯ ಮೇಲೆ ಹಾಕಿಸಿದರೆ ನಮ್ಮ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಎಡಬಲದ ಗೋಡೆಗಳಿಗೆ ಎದೆಮಟ್ಟದಲ್ಲಿ ಅಡ್ಡಲಾಗಿ ಎಲ್‌ಇಡಿ ಪಟ್ಟಿಗಳನ್ನು ಹಾಕಿಸಿದ್ದೇನೆ, ಎತ್ತಿದ ಕಾರಿನ ತಳಕ್ಕೆ ಬೆಳಕು ಎರಡು ಕಡೆಯಿಂದ ನುಗ್ಗುತ್ತದೆ. ಕೆಲಸದ ಕಟ್ಟೆಗೆ ಕಡಪ ಕಲ್ಲು ಬೇಡ, ಬಡಿತಕ್ಕೆ ಬಿರಿಯುತ್ತದೆ. ಕಬ್ಬಿಣದ ಚೌಕಟ್ಟಿಗೆ ಎರಡು ಇಂಚಿನ ಹಳೆಯ ಮರದ ಹಲಗೆ ಕೂರಿಸಿ ಮೇಲೆ ತಗಡು ಹೊದಿಸಿದರೆ ಅದರ ಮೇಲೆ ಬಿಡಿಭಾಗಗಳನ್ನು ಕಚ್ಚಿ ಹಿಡಿಯುವ ವೈಸ್ ಭದ್ರವಾಗಿ ನಿಲ್ಲುತ್ತದೆ. ವೈಸ್, ಟಾರ್ಕ್ ರೆಂಚು, ಜಾಕ್ ಸ್ಟ್ಯಾಂಡುಗಳನ್ನು ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ತಂದೆ. ಅಲ್ಲಿಂದ ಜೆ.ಸಿ. ರಸ್ತೆಗೆ ನಡೆದು ಹೋದರೆ ಕಾರಿನ ಬಿಡಿಭಾಗಗಳ ಕೆಲಸವೂ ಮುಗಿಯುತ್ತದೆ.

ಸಾಗಣೆ, ತೆರಿಗೆ ಸೇರಿ ಲಿಫ್ಟಿಗೆ ಒಂದೂಮುಕ್ಕಾಲು ಲಕ್ಷ ಬಿತ್ತು. ಅಷ್ಟು ಹಾಕಲಾಗದವರು ಪಿಟ್ ತೋಡಿಸುವುದಕ್ಕಿಂತ ಒಂದು ಒಳ್ಳೆಯ ಟ್ರಾಲಿ ಜಾಕ್, ನಾಲ್ಕು ಉಕ್ಕಿನ ಸ್ಟ್ಯಾಂಡು ಕೊಳ್ಳಲಿ. ಮನೆಯ ಮಾಮೂಲಿ ಕೆಲಸಗಳೆಲ್ಲ ಅದರಲ್ಲೇ ಆಗುತ್ತವೆ. ಜಾಕ್ ಎತ್ತಲು ಮಾತ್ರ, ಹೊತ್ತು ನಿಲ್ಲಲು ಸ್ಟ್ಯಾಂಡು. ಇಟ್ಟಿಗೆಯನ್ನಾಗಲಿ ಹಾಲೋ ಬ್ಲಾಕನ್ನಾಗಲಿ ಯಾವ ಕಾರಣಕ್ಕೂ ಕಾರಿನ ಕೆಳಗೆ ಕೊಡಬಾರದು. ಅವು ಮುನ್ಸೂಚನೆ ಕೊಟ್ಟು ಬಿರಿಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ಕೊಳ್ಳುವವರು ಮುಂಗಡ ಕೊಡುವ ಮೊದಲು ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಲಾಕ್ ಎರಡೂ ಕಡೆ ಬೇರೆಬೇರೆ ಇದೆಯೇ? ತಳದ ಪೂರ್ಣ ನಕ್ಷೆ ಯಾವಾಗ ಕೊಡುತ್ತೀರಿ? ಕೂರಿಸಿದ ಮೇಲೆ ಒಂದು ರಾತ್ರಿ ಭಾರ ಹೊರಿಸಿ ಪರೀಕ್ಷಿಸಲು ಒಪ್ಪುತ್ತೀರಾ? ಸಿಲಿಂಡರಿನ ಒಳವ್ಯಾಸ, ರಾಡಿನ ವ್ಯಾಸ, ಸೀಲ್ ಕಿಟ್ಟಿನ ಸಂಖ್ಯೆ ಏನು? ಕೊನೆಯದನ್ನು ಕೇಳಿದಾಗ ನನಗೆ ಮಾರಿದವರು ಅದೆಲ್ಲ ನಮ್ಮ ಬಳಿಯೇ ಸಿಗುತ್ತದೆ ಎಂದು ತೇಲಿಸಿದ್ದರು, ಪಟ್ಟು ಹಿಡಿದು ಬರೆಸಿಕೊಂಡೆ. ಆ ಅಳತೆಗಳ ಚೀಟಿ ಈಗ ಲಿಫ್ಟಿನ ಸ್ವಿಚ್ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿದೆ. ಕಂಪನಿ ಇರಲಿ, ಮುಚ್ಚಲಿ, ಆ ಅಳತೆ ಕೈಯಲ್ಲಿದ್ದರೆ ಟ್ರ್ಯಾಕ್ಟರ್, ಜೆಸಿಬಿಗಳಿಗೆ ಸೀಲ್ ಹಾಕಿಕೊಡುವ ಯಾವ ಹೈಡ್ರಾಲಿಕ್ ಅಂಗಡಿಯವರೂ ಹೊಂದುವ ಸೀಲ್ ಹುಡುಕಿ ಕೊಡುತ್ತಾರೆ.